ಸ್ಟೀರಾಯ್ಡ್ ಮಾತ್ರೆ, ಬರಿಗಾಲು, ಅಡಿಕೆ ತೋಟ

ಗಂಟುವಾತಕ್ಕೆ, ಲೂಪಸ್‌ಗೆ, ಕಿಡ್ನಿ ಕಸಿಯಾದ ಮೇಲೆ ಸ್ಟೀರಾಯ್ಡ್‌ನಂತಹ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು ಸೋಂಕು ಎಂದರೆ ಕೆಮ್ಮುವವರಿಂದ ದೂರ ನಿಲ್ಲುವುದು ಎಂದುಕೊಂಡಿರುತ್ತಾರೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ ಮಳೆಗಾಲ ಕಳೆಯುವವರು ಕಾಲಡಿಯ ಮಣ್ಣನ್ನೂ ಗಮನಿಸಬೇಕು.

ಮೊದಲು ಹುಳದ ವಿಷಯ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳದ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಸೇರಿ, ಶ್ವಾಸಕೋಶ ದಾಟಿ ಕರುಳಲ್ಲಿ ನೆಲೆಸುತ್ತದೆ. ದೇಹದೊಳಗೇ ಸಂತಾನ ಮುಂದುವರಿಸಿಕೊಂಡು ದಶಕಗಟ್ಟಲೆ ಇರಬಲ್ಲದು. ಆರೋಗ್ಯವಂತರಿಗೆ ಗೊತ್ತೇ ಆಗದಿರಬಹುದು. ಸ್ಟೀರಾಯ್ಡ್ ಶುರುವಾದರೆ ಮರಿಗಳ ಸಂಖ್ಯೆ ಹಿಡಿತ ತಪ್ಪಬಹುದು. ಕರುಳಿನ ಬ್ಯಾಕ್ಟೀರಿಯಾವನ್ನು ಹೊತ್ತುಕೊಂಡು ಅವು ರಕ್ತಕ್ಕೆ, ಕೆಲವೊಮ್ಮೆ ಮೆದುಳಿನ ಪೊರೆಗೂ ನುಗ್ಗುತ್ತವೆ. ಆಗ ಬದುಕುಳಿಯುವುದೇ ಕಷ್ಟ. ಒಂದು ಸಲದ ಮಲಪರೀಕ್ಷೆಯಲ್ಲಿ ಹುಳ ಕಾಣದಿದ್ದರೆ ನೆಮ್ಮದಿ ಬೇಡ, ಅದು ಸುಲಭವಾಗಿ ತಪ್ಪಿಹೋಗುತ್ತದೆ. ಔಷಧ ಐವರ್ಮೆಕ್ಟಿನ್, ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ. 60 ಕಿಲೋದವರಿಗೆ 12 ಮಿಲಿಗ್ರಾಂ. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. "ನಾನು ತೋಟದಲ್ಲಿ ಬರಿಗಾಲಲ್ಲೇ ಓಡಾಡುವುದು" ಎಂದು ಸ್ಟೀರಾಯ್ಡ್ ಶುರುಮಾಡುವ ಮೊದಲೇ ಅವರಿಗೆ ಹೇಳಿ. ಅವರು ಕೇಳದೇ ಇರಬಹುದು.

ಎರಡನೆಯದು ಮೆಲಿಯಾಯ್ಡೋಸಿಸ್ ಎಂಬ ಸೋಂಕು. ಇದನ್ನು ತರುವ ಬ್ಯಾಕ್ಟೀರಿಯಾ ಮಣ್ಣು, ಕೆಸರುನೀರಿನಲ್ಲಿರುತ್ತದೆ. ಗಾಯದಿಂದಲೋ ಉಸಿರಿನಿಂದಲೋ ಒಳಸೇರುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಅಪಾಯ ಹೆಚ್ಚು. ಬಿಡದ ಜ್ವರ, ಶ್ವಾಸಕೋಶದಲ್ಲಿ ಕಲೆ, ಯಕೃತ್ತಿನಲ್ಲಿ ಕೀವು: ನೋಡಲು ಕ್ಷಯದ ಹಾಗೆಯೇ. ಕ್ಷಯದ ಮಾತ್ರೆಯಿಂದ ಇದು ಗುಣವಾಗದು. ರಕ್ತ ಅಥವಾ ಕೀವಿನ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬೇಕು, ಅದೂ ಆ್ಯಂಟಿಬಯಾಟಿಕ್ ಕೊಡುವ ಮೊದಲು ತೆಗೆದದ್ದು. ಚಿಕಿತ್ಸೆಗೆ ಕನಿಷ್ಠ 10ರಿಂದ 14 ದಿನ ಇಂಜೆಕ್ಷನ್, ಆಮೇಲೆ ಸುಮಾರು 3 ತಿಂಗಳು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ.

ಎಡವುವ ಜಾಗವೂ ಇಲ್ಲೇ. ಗಂಟುವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಿನ್ನುವವರಿಗೆ ಕೋಟ್ರೈಮಾಕ್ಸಜೋಲ್ ಸೇರಿದರೆ ಅಸ್ಥಿಮಜ್ಜೆ ಸೊರಗಿ ಬಿಳಿ ರಕ್ತಕಣ ಕುಸಿಯಬಹುದು. ಬಾಯಿಹುಣ್ಣು ಅದರ ಮುನ್ಸೂಚನೆ. ಮೂತ್ರ ಉರಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆಯೂ ಇದೇ ಆಗಿರಬಹುದು, ಆದ್ದರಿಂದ ಹಳೆಯ ಚೀಟಿ ತೋರಿಸದೆ ಏನನ್ನೂ ಕೊಳ್ಳಬೇಡಿ.

ತೋಟದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸುವಾಗ, ಕೆಸರಿಗೆ ಇಳಿಯುವಾಗ ಗಮ್‌ಬೂಟು, ಕೈಗವಸು ಹಾಕಿ. ಕಾಲಲ್ಲಿ ಬಿರುಕು, ಗಾಯ ಇದ್ದರೆ ಆ ದಿನ ಇಳಿಯಲೇಬೇಡಿ. ಇಲಿಜ್ವರಕ್ಕೂ ಇದೇ ಎಚ್ಚರಿಕೆ.

ಸ್ಟೀರಾಯ್ಡ್ ಜ್ವರವನ್ನು ಮರೆಮಾಡುತ್ತದೆ. ಹಾಗಾಗಿ ಥರ್ಮಾಮೀಟರು 100.4 ಡಿಗ್ರಿ ತೋರಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಷ್ಟಿಲ್ಲದೆಯೂ ಚಳಿನಡುಕ, ಏದುಸಿರು, ಮಂಪರು ಇದ್ದರೆ ಕಾಯಬೇಡಿ. ಹೆದರಿ ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಲೂ ಬೇಡಿ. ವಾರಗಟ್ಟಲೆ ತಿಂದವರ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ತಗ್ಗಿಸಿರುತ್ತದೆ, ರಕ್ತದೊತ್ತಡ ಕುಸಿಯಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದಕ್ಕೆ ಬದಲಾಗಿ ಇಂಜೆಕ್ಷನ್ ಬೇಕಾಗುತ್ತದೆ.