ಕೆಆರ್‌ಎಸ್ ಮಟ್ಟವನ್ನು ಗ್ರಾಫಿಗೆ ಏರಿಸುವಾಗ

ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟವನ್ನು ವೆಬ್ ಪುಟದಲ್ಲಿ ಗ್ರಾಫ್ ಮಾಡಿ ತೋರಿಸಲು ಹತ್ತಿಪ್ಪತ್ತು ಸಾಲಿನ ಕೋಡು ಸಾಕು. ಗ್ರಾಫ್ ಬಿಡಿಸಿಕೊಡುವ ಡೈಗ್ರಾಫ್ಸ್ ಎಂಬ ಲೈಬ್ರರಿಯ ಜಾವಾಸ್ಕ್ರಿಪ್ಟ್ ಫೈಲು, ಅದರ ಸಿಎಸ್‌ಎಸ್ ಫೈಲು (ಇದನ್ನು ಬಿಟ್ಟರೆ ಲೆಜೆಂಡ್, ಅಂದರೆ ಆಯಾ ದಿನದ ಅಂಕಿ ತೋರಿಸುವ ಪಟ್ಟಿ, ಎಲ್ಲೆಲ್ಲೋ ಹೋಗಿ ಕೂರುತ್ತದೆ), ಅಗಲ-ಎತ್ತರ ಗೊತ್ತುಮಾಡಿದ ಒಂದು ಡಿವ್ (ಪುಟದಲ್ಲಿ ಗ್ರಾಫ್ ಕೂರುವ ಚೌಕ), ಅಂಕಿಗಳಿರುವ ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸುವ ಫೈಲು). ಇಷ್ಟಕ್ಕೇ ಗೆರೆ ಮೂಡುತ್ತದೆ, ಮೌಸ್ ಹಿಡಿದು ಎಳೆದರೆ ಜೂಮ್ ಆಗುತ್ತದೆ, ಎರಡು ಸಲ ಕ್ಲಿಕ್ಕಿಸಿದರೆ ಮತ್ತೆ ಪೂರ್ತಿ ಕಾಣುತ್ತದೆ. ತೊಂದರೆ ಅಂದರೆ, ದತ್ತಾಂಶ ತಪ್ಪಾಗಿದ್ದರೂ ಗೆರೆ ಅಷ್ಟೇ ಅಂದವಾಗಿ ಮೂಡುತ್ತದೆ.

ಮೊದಲು ಅಂಕಿಗಳ ವಿಷಯ. ಒಳಹರಿವು, ಹೊರಹರಿವಿನ ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಲೆಕ್ಕ ಸಾಮಾನ್ಯವಾಗಿ 12,345 ಎಂದು ಅಲ್ಪವಿರಾಮ ಸಮೇತ ಸಿಗುತ್ತದೆ. ಹಾಗೆಯೇ ಸಿಎಸ್‌ವಿಗೆ ಹಾಕಿದರೆ ಒಂದು ಕಾಲಂ ಎರಡಾಗಿ ಒಡೆಯುತ್ತದೆ. ಬರಹವನ್ನು ಸಂಖ್ಯೆ ಮಾಡುವ ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಅದು ಅಲ್ಪವಿರಾಮಕ್ಕೇ ನಿಂತು 12 ಎನ್ನುತ್ತದೆ, ಎರರ್ ಕೂಡ ಕೊಡುವುದಿಲ್ಲ. ಇದಕ್ಕಿಂತ ಅಪಾಯಕಾರಿ ಖಾಲಿ ಮನೆ. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಸ್ಟ್ರಿಂಗನ್ನು ನಂಬರ್ ಫಂಕ್ಷನ್ನಿಗೆ ಕೊಟ್ಟರೆ ಬರುವುದು ಸೊನ್ನೆ. ಮಟ್ಟದ ಗೆರೆ ಒಂದೇ ದಿನ 110 ಅಡಿಯಿಂದ ಸೊನ್ನೆಗಿಳಿದು ಮರುದಿನ ಮೇಲೆದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಒಳಹರಿವಿನಲ್ಲಿ ಹಾಗಲ್ಲ. ಏಪ್ರಿಲ್‌ನ ಸೊನ್ನೆಯನ್ನು ಎಲ್ಲರೂ ನಂಬುತ್ತಾರೆ.

ಹಾಗಾಗಿ ಖಾಲಿ ಇದ್ದ ಕಡೆ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಬರಬೇಕು. ಆ ದಿನದ ಸಾಲನ್ನೇ ಅಳಿಸಿಹಾಕಿದರೆ ಎರಡು ತುದಿಗಳ ನಡುವೆ ನೇರ ಗೆರೆ ಬೀಳುತ್ತದೆ. ಸಾಲು ಇಟ್ಟು ನಲ್ ಕೊಟ್ಟರೆ ಗೆರೆ ತುಂಡಾಗಿ ಕಾಣುತ್ತದೆ. 'ಕನೆಕ್ಟ್ ಸೆಪರೇಟೆಡ್ ಪಾಯಿಂಟ್ಸ್' ಆಯ್ಕೆಯನ್ನು ಆನ್ ಮಾಡಿ ಆ ತುಂಡುಗಳನ್ನು ಜೋಡಿಸುವ ಅಭ್ಯಾಸ ಹಲವರಿಗಿದೆ. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಜೋರಾದರೆ ಎರಡು-ಮೂರು ದಿನದಲ್ಲಿ ಮಟ್ಟ ಎಷ್ಟೋ ಅಡಿ ಏರಿಬಿಡುತ್ತದೆ. ಅಂಥ ಕಡೆ ನೇರ ಗೆರೆ ಎಳೆಯುವುದು ನಾವೇ ಅಂಕಿ ಬರೆದ ಹಾಗೆ. ತುಂಡು ತುಂಡಾಗಿಯೇ ಇರಲಿ.

ಸಾಲು ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಚಲಿಸುವ ಸರಾಸರಿಗೆ ಇರುವ 'ರೋಲ್ ಪೀರಿಯಡ್' ಎಣಿಸುವುದು ದಿನಗಳನ್ನಲ್ಲ, ಸಾಲುಗಳನ್ನು. ಸಾಲು ಬಿಟ್ಟುಹೋಗಿದ್ದರೆ ಏಳರ ಸರಾಸರಿ ಸದ್ದಿಲ್ಲದೆ ಒಂಬತ್ತು-ಹತ್ತು ದಿನಕ್ಕೆ ಚಾಚಿಕೊಳ್ಳುತ್ತದೆ. ಅದು ಹಿಂದಿನ ಸಾಲುಗಳನ್ನಷ್ಟೇ ತೆಗೆದುಕೊಳ್ಳುವುದರಿಂದ ಪ್ರವಾಹದ ತುದಿಯೂ ನಿಜವಾದ ದಿನಕ್ಕಿಂತ ತಡವಾಗಿ ಕಾಣುತ್ತದೆ.

ಹೆಚ್ಚು ತಲೆ ತಿನ್ನುವುದು ಸಮಯ. '2024-07-25' ಎಂಬ ಸ್ಟ್ರಿಂಗನ್ನು ನಾವೇ ಡೇಟ್ ಆಬ್ಜೆಕ್ಟಿಗೆ ಕೊಟ್ಟರೆ ಬ್ರೌಸರ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ ಎಂದು ಓದುತ್ತದೆ. ಮೈಸೂರಿನಲ್ಲಿ ಕೂತವರಿಗೆ ಅದು ಬೆಳಗಿನ 5:30, ತಾರೀಖು ಸರಿಯಾಗಿಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅದೇ ಪುಟವನ್ನು ಕ್ಯಾಲಿಫೋರ್ನಿಯಾದಲ್ಲಿರುವ ಮಂಡ್ಯದವರು ತೆರೆದರೆ ಎಲ್ಲ ಅಂಕಿಗಳೂ ಒಂದು ದಿನ ಹಿಂದಕ್ಕೆ, ಜುಲೈ 24ಕ್ಕೆ ಸರಿದಿರುತ್ತವೆ. ದಿನಕ್ಕೊಂದೇ ಅಂಕಿ ಇರುವ ಸರಣಿಗೆ ಗಂಟೆಯ ಗೊಡವೆಯೇ ಬೇಡ: ತಾರೀಖನ್ನು ಡೇಟ್ ಡಾಟ್ ಯುಟಿಸಿಯಿಂದ ಕಟ್ಟಿ, 'ಲೇಬಲ್ಸ್ ಯುಟಿಸಿ' ಆನ್ ಮಾಡಿದರೆ ಎಲ್ಲಿ ತೆರೆದರೂ ಒಂದೇ ತಾರೀಖು. ಅಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು, ಜುಲೈ ಅಂದರೆ 6. ಇನ್ನು ಇಡೀ ಗ್ರಾಫು 1970ರ ಜನವರಿಯಲ್ಲಿ ಮುದುಡಿ ಕೂತಿದ್ದರೆ ಮಿಲಿಸೆಕೆಂಡ್ ಕೊಡಬೇಕಾದಲ್ಲಿ ಸೆಕೆಂಡ್ ಕೊಟ್ಟಿದ್ದೀರಿ, ಸಾವಿರದಿಂದ ಗುಣಿಸಿ.

ಲಂಬ ಅಕ್ಷವನ್ನು ಲೈಬ್ರರಿಯ ಕೈಗೆ ಬಿಡಬಾರದು. ಬಿಟ್ಟರೆ ಅದು ಆ ಅವಧಿಯ ಕನಿಷ್ಠ-ಗರಿಷ್ಠಕ್ಕೆ ಹಿಗ್ಗಿಕೊಳ್ಳುತ್ತದೆ. ಜಲಾಶಯ ತುಂಬದೇ ಹೋದ 2023ರ ಗೆರೆಯೂ ತುಂಬಿದ 2024ರ ಗೆರೆಯೂ ಒಂದೇ ಎತ್ತರಕ್ಕೆ ಮುಟ್ಟುತ್ತವೆ. 'ವ್ಯಾಲ್ಯೂ ರೇಂಜ್' ಅನ್ನು 60ರಿಂದ 130ಕ್ಕೆ ಕಟ್ಟಿಹಾಕಿ, 124.80 ಅಡಿಯ ಗರಿಷ್ಠ ಮಟ್ಟಕ್ಕೆ 'ಅಂಡರ್‌ಲೇ ಕಾಲ್‌ಬ್ಯಾಕ್' ಒಳಗೆ ಒಂದು ತೆಳು ಗೆರೆ ಎಳೆದರೆ ವರ್ಷಗಳನ್ನು ಹೋಲಿಸಬಹುದು. ಬರೀ ಅಡಿ ಲೆಕ್ಕ ಕೊಟ್ಟರೂ ಅದು ದಾರಿ ತಪ್ಪಿಸುತ್ತದೆ. 100 ಅಡಿ ಅಂದರೆ ಶೇಕಡಾ 80 ತುಂಬಿದ ಹಾಗೆ ಕಾಣುತ್ತದೆ, ಆದರೆ ನೀರು ಮೇಲೇರಿದಂತೆ ಹಿನ್ನೀರು ಹರಡಿಕೊಳ್ಳುವುದರಿಂದ ಆಗ ಇರುವುದು ಪೂರ್ಣ ಸಾಮರ್ಥ್ಯವಾದ 49.452 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಅರ್ಧಕ್ಕಿಂತ ಕಡಿಮೆ. ಲೆಜೆಂಡಿನಲ್ಲಿ ಅಡಿಯ ಪಕ್ಕ ಟಿಎಂಸಿಯೂ ಇರಲಿ.

ಮಟ್ಟ ಎಡಕ್ಕೆ, ಕ್ಯುಸೆಕ್ ಬಲಕ್ಕೆ ಎಂದು ಎರಡು ಅಕ್ಷ ಕೂಡಿಸುವುದು ನಮಗೆ ಹಿಡಿಸಿಲ್ಲ. ಎರಡು ಗೆರೆ ಎಲ್ಲಿ ಕೂಡುತ್ತವೆ ಎಂಬುದು ನಾವು ಆರಿಸಿದ ಅಳತೆಯ ಆಟ, ನೋಡುವವರು ಅದಕ್ಕೊಂದು ಅರ್ಥ ಹಚ್ಚುತ್ತಾರೆ. ಒಂದರ ಕೆಳಗೊಂದು ಎರಡು ಗ್ರಾಫ್ ಇಟ್ಟು, ಲೈಬ್ರರಿಯ ಜೊತೆಗೇ ಬರುವ ಸಿಂಕ್ರೊನೈಸರ್‌ನಿಂದ ಬೆಸೆಯುವುದು ಮೇಲು. ಅದರಲ್ಲಿ 'ರೇಂಜ್' ಆಯ್ಕೆಯನ್ನು ಮರೆಯದೆ ಆಫ್ ಮಾಡಿ. ತಾನಾಗಿ ಅದು ಆನ್ ಇರುತ್ತದೆ, ಲಂಬ ಅಕ್ಷವನ್ನೂ ಹಂಚಿಕೊಳ್ಳುತ್ತದೆ. ಸಾವಿರಾರು ಕ್ಯುಸೆಕ್‌ನ ಅಳತೆ ಮಟ್ಟದ ಗ್ರಾಫಿಗೆ ಬಂದು ಗೆರೆ ತಳಕ್ಕೆ ಅಂಟಿಕೊಳ್ಳುತ್ತದೆ. ಹೊರಹರಿವಿಗೆ 'ಸ್ಟೆಪ್ ಪ್ಲಾಟ್' ಒಪ್ಪುತ್ತದೆ, ಗೇಟು ತೆಗೆದ ದಿನ ಮೆಟ್ಟಿಲಾಗಿ ಕಾಣುತ್ತದೆ.

ಎರಡೂ ಗ್ರಾಫ್ ಒಟ್ಟಿಗಿದ್ದರೆ ಅಂಕಿಗಳನ್ನು ಪರೀಕ್ಷಿಸುವುದೂ ಸುಲಭ. ದಿನವಿಡೀ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಂದು ವಾರದ ಒಳಹರಿವಿನಿಂದ ಹೊರಹರಿವು ಕಳೆದು, ಈ ಸಂಖ್ಯೆಯಿಂದ ಭಾಗಿಸಿ, ಸಂಗ್ರಹದ ಏರಿಳಿತದ ಜೊತೆ ಹೋಲಿಸಿ. ಆವಿಯಾದದ್ದು, ಸೋರಿದ್ದು ಬಿಟ್ಟು ಹತ್ತಿರ ಬರಬೇಕು. ದೂರ ಬಂದರೆ ಕಾಲಂ ಅದಲುಬದಲಾಗಿದೆ, ಇಲ್ಲವೇ ಯಾವುದೋ ದಿನದ ಅಂಕಿಯಲ್ಲಿ ಒಂದು ಸೊನ್ನೆ ಬಿದ್ದುಹೋಗಿದೆ.

ಕನ್ನಡ ತಿಂಗಳ ಹೆಸರಿಗೆ ಬ್ರೌಸರಿನಲ್ಲೇ ಇರುವ, ತಾರೀಖನ್ನು ಆಯಾ ಭಾಷೆಯಲ್ಲಿ ಬರೆದುಕೊಡುವ ಇಂಟ್ಲ್ ಸಾಕು. 'ಸೆಪ್ಟೆಂಬರ್' ಪಕ್ಕದ ಹೆಸರಿನ ಮೇಲೆ ಹತ್ತಿದರೆ 'ಪಿಕ್ಸೆಲ್ಸ್ ಪರ್ ಲೇಬಲ್' ಅನ್ನು ಹೆಚ್ಚಿಸಿ. ಗ್ರಾಫನ್ನು ಮುಚ್ಚಿದ ಟ್ಯಾಬಿನೊಳಗೆ ಇಟ್ಟಿದ್ದರೆ ಅಗಲ ಸೊನ್ನೆ ಎಂದೇ ಅದು ಹುಟ್ಟುತ್ತದೆ. ಟ್ಯಾಬ್ ತೆರೆದ ಮೇಲೆ ರೀಸೈಜ್ ಕರೆಯಬೇಕು. ಮೊಬೈಲಿನಲ್ಲಿ ಪುಟ ಸರಿಸಲು ಹೋದ ಬೆರಳನ್ನು ಗ್ರಾಫ್ ಹಿಡಿದುಕೊಳ್ಳುತ್ತದೆ, ಪುಟ ಅಲ್ಲಾಡುವುದೇ ಇಲ್ಲ. ಸಣ್ಣ ಪರದೆಗಾದರೆ ಗ್ರಾಫ್ ಮೇಲಿನ ಎಳೆದಾಟವನ್ನೇ ತೆಗೆದು, 'ಒಂದು ತಿಂಗಳು', 'ಈ ಮುಂಗಾರು', 'ಪೂರ್ತಿ' ಎಂದು ಮೂರು ಬಟನ್ ಕೊಟ್ಟು, ಒತ್ತಿದಾಗ 'ಡೇಟ್ ವಿಂಡೋ' ಬದಲಾಗುವಂತೆ ಮಾಡಿದರೆ ಸಾಕು.