ಮಂಗಳವಾರದ ಧಾರವಾಡ

ಮಾಳಮಡ್ಡಿಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮನೆಯ ಮಾಲಕರಾದ ಕಾಕು ಎಲ್ಲಕ್ಕಿಂತ ಮೊದಲು ತೋರಿಸಿದ್ದು ನೆಲದೊಳಗಿನ ನೀರಿನ ಟಾಕಿ. ಮೈಸೂರಿನವನಾದ ನಾನು ಗಾಳಿ ಬೆಳಕು ವಿಚಾರಿಸುವ ಉಮೇದಿನಲ್ಲಿದ್ದೆ. ಅವರು ಮುಚ್ಚಳ ಸರಿಸಿ, "ಇದು ತುಂಬಿತಂದ್ರ ಮುಂದಿನ ಪಾಳಿ ತನಕಾ ಕಾಳಜಿ ಇಲ್ಲ ನೋಡ್ರಿ" ಅಂದರು. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಬರುವ ನೀರು ಕೆಲವು ಬಡಾವಣೆಗಳ ನಳದಲ್ಲಿ ಹಗಲೂ ರಾತ್ರಿ ಇರುತ್ತದೆ. ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ. ಊರಿಗೆ ಹೋಗುವುದು, ನೆಂಟರನ್ನು ಕರೆಯುವುದು, ಹಾಸಿಗೆ ಒಗೆಯುವುದು ಎಲ್ಲ ಆ ಪಾಳಿ ನೋಡಿಕೊಂಡೇ. ಇಲ್ಲಿ ಪಂಚಾಂಗಕ್ಕಿಂತ ವಾಲ್ವ್ ತಿರುಗಿಸುವವನ ಮಾತು ಮೇಲು.

ಆ ಮಂಗಳವಾರ ನನಗೆ ರಜೆ, ನೀರಿನ ಪಾಳಿ ಹಿಂದಿನ ದಿನವೇ ಮುಗಿದಿತ್ತು. "ಇವತ್ತ ಸಂತಿ ಅದಲ್ಲಾ, ಹೋಗಿ ಬರ್ರಿ. ಚೀಲ ಎರಡು ಒಯ್ಯಿರಿ" ಎಂದು ಕಾಕು ಹೊರಡಿಸಿದರು.

ಜುಬಿಲಿ ಸರ್ಕಲ್ ದಾಟಿ ಸುಭಾಸ ರಸ್ತೆಗಿಳಿದರೆ ಸೂಪರ್ ಮಾರ್ಕೆಟ್ ತನಕ ಹೆಜ್ಜೆ ಎತ್ತಿಡಲು ಜಾಗವಿಲ್ಲ. ಹೆಬ್ಬಳ್ಳಿ, ಅಮ್ಮಿನಭಾವಿ, ಗರಗದ ಕಡೆಯ ಹೆಣ್ಣುಮಕ್ಕಳು ಗೋಣಿತಟ್ಟು ಹಾಸಿ ಕೂತಿದ್ದರು. ನವಲೂರಿನ ಪೇರಲ ಬುಟ್ಟಿಯಲ್ಲೇ ಘಮ್ಮೆನ್ನುತ್ತಿತ್ತು. ಮುಳಗಾಯಿ, ಅಂದರೆ ನಮ್ಮ ಬದನೆಕಾಯಿ, ಅದರ ರಾಶಿಯ ಮುಂದೆ ಎಲ್ಲರೂ ಬಗ್ಗಿ ಸಣ್ಣವನ್ನೇ ಹೆಕ್ಕುತ್ತಿದ್ದರು. ಎಣ್ಣಿಗಾಯಿಗೆ ಮುಷ್ಟಿಯೊಳಗೆ ಅಡಗುವಂಥದ್ದೇ ಬೇಕಂತೆ. ನಾನು ನಿಂತುಬಿಟ್ಟದ್ದು ಒಬ್ಬ ಮುದುಕಿಯ ಎದುರು. ಆಕೆಯ ಹತ್ತಿರ ಇದ್ದದ್ದು ನೀರು ಚಿಮುಕಿಸಿದ ಹಸಿರು ಸೊಪ್ಪಿನ ಕಟ್ಟುಗಳು ಮಾತ್ರ, ಹಕ್ಕರಕಿ. ಅಂಚು ಕಚ್ಚುಕಚ್ಚಾದ ಉದ್ದನೆಯ ಎಲೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ದಂಟು, ಪಾಲಕ್, ಸಬ್ಬಸಿಗೆ, ಬಸಳೆ ಎಲ್ಲ ಕೊಂಡಿದ್ದೇನೆ, ಇದನ್ನು ಕಂಡಿರಲಿಲ್ಲ.

"ಇದನ್ನ ಹೇಗೆ ಬೇಯಿಸೋದಮ್ಮಾ?"

"ಬೇಸೂದ್ಯಾಕ ಯಪ್ಪಾ? ರೊಟ್ಟಿ ಜೋಡಿ ಹಂಗ ತಿನ್ನೂದು." ಒಂದೆಲೆ ಕಿತ್ತು ಸೆರಗಿಗೆ ಒರೆಸಿ ಕೈಗಿಟ್ಟಳು. ಮೊದಲು ಒಂಚೂರು ಕಹಿ, ಅಗಿದಂತೆಲ್ಲ ತಂಪು. ಎರಡು ಕಟ್ಟು ಕೊಂಡೆ, ಮೇಲೊಂದು ಅವಳೇ ತುರುಕಿದಳು.

ಕಾಳಿನ ಅಂಗಡಿಯಲ್ಲಿ ಇನ್ನೊಂದು ನೋಟ. ಗಿರಾಕಿಯೊಬ್ಬರು ಮಾಲದಂಡಿ ಜೋಳವನ್ನು ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, ನಾಲ್ಕು ಕಾಳು ಬಾಯಿಗೆಸೆದು ಕಟುಂ ಎಂದು ಕಡಿದರು. ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಅಂಗಡಿಯವರೂ ಮಾತಾಡದೆ ಇನ್ನೊಂದು ಚೀಲದ ಬಾಯಿ ಬಿಚ್ಚಿದರು. ನಾವು ಸೋನಾ ಮಸೂರಿಯನ್ನು ಮೂಟೆಯ ಮೇಲಿನ ಚಿತ್ರ ನೋಡಿ ಕೊಳ್ಳುವವರು.

ಹೊತ್ತು ನೆತ್ತಿಗೇರಿದಾಗ ಒಂದು ಖಾನಾವಳಿ ಹೊಕ್ಕೆ. ಇದ್ದದ್ದು ಐದಾರು ಮೇಜು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಪಕ್ಕದಲ್ಲಿ ಕೆಂಪು ರಂಜಕ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ಗುರೆಳ್ಳು ನೋಡಲು ಕಪ್ಪಗೆ, ಮೇಲೆ ಗಟ್ಟಿ ಮೊಸರು ಬಿದ್ದರೆ ಅದರ ಗತ್ತೇ ಬೇರೆ. ಬಡಿಸುವ ಹುಡುಗ ರೊಟ್ಟಿ ಹಿಡಿದು "ಇನ್ನೊಂದು ಹಾಕ್ಲೇನ್ರಿ?" ಎನ್ನುತ್ತಲೇ ಹಾಕಿಬಿಡುತ್ತಿದ್ದ. ಕೇಳುವುದು ಬರೀ ಶಿಷ್ಟಾಚಾರ. ಕೊನೆಗೆ ಒಂದು ಹಿಡಿ ಅನ್ನ, ಸಾರು ಬಂತು. ನಮ್ಮ ಕಡೆ ಊಟವೆಂದರೆ ಅನ್ನವೇ, ಇಲ್ಲಿ ಅದು ಬಾಯಿ ತೊಳೆಯುವ ಮುನ್ನಿನ ಶಾಸ್ತ್ರ. ಸಾರಿನ ವಿಷಯದಲ್ಲಿ ಮಾತ್ರ ನಾನು ಮೈಸೂರು ಪಕ್ಷ ಬಿಡಲಾರೆ.

ಲೈನ್ ಬಜಾರಿನ ಫೇಡೆ ಅಂಗಡಿಯ ಬಗ್ಗೆ ಹೊಸದಾಗಿ ಹೇಳುವಂಥದ್ದು ಕಡಿಮೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ, ಗೌಳಿಗರ ಎಮ್ಮೆಯ ಹಾಲು, ಕೆಂಪಗಾಗುವ ತನಕ ಹುರಿದ ಖೋವಾ, ಮೇಲೆ ಸಕ್ಕರೆ ಪುಡಿ. ಪಾಳಿಯಲ್ಲಿ ನಿಂತೆ, ಸಿಕ್ಕಿತು. ಮೈಸೂರು ಪಾಕಿನವನು ಇದಕ್ಕಿಂತ ಹೆಚ್ಚು ಬರೆದರೆ ಮನೆಯವರು ಒಪ್ಪುವುದಿಲ್ಲ.

ಸಂಜೆ ಗಿರ್ಮಿಟ್ ತಿನ್ನುವಾಗ ಊರಿನ ರಾಜಕೀಯ ಕಿವಿಗೆ ಬಿತ್ತು. ಗಾಡಿಯವನು ಚುರುಮುರಿಗೆ ಹುಣಸೆಹುಳಿಯ ಒಗ್ಗರಣೆ, ಪುಠಾಣಿ ಹಿಟ್ಟು ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ, ಮಿರ್ಚಿ ಭಜಿ ಜೊತೆ ಕೊಡುತ್ತಿದ್ದ. ಪಕ್ಕದಲ್ಲಿ ಇಬ್ಬರು ನಿವೃತ್ತರ ವಾದ. ಹುಬ್ಬಳ್ಳಿ, ಧಾರವಾಡ ಎರಡೂ 1962ರಿಂದ ಒಂದೇ ಮಹಾನಗರ ಪಾಲಿಕೆಯಲ್ಲಿದ್ದವು. ಒಟ್ಟು 82 ವಾರ್ಡು. ಬೇರೆಯಾಗಬೇಕೆಂಬ ಕೂಗು ಬಹಳ ಹಳೆಯದು. 2025ರ ಜನವರಿಯಲ್ಲಿ ರಾಜ್ಯ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಒಪ್ಪಿದೆ.

"ನಮ್ಮ ತೆರಿಗಿ ನಮಗ ಉಳೀತದ" ಅಂದರು ಕನ್ನಡಕದವರು.

"ಮಗಾ ಸೊಸಿ ದಿನಾ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೇ ಹೋಗ್ತಾರಲ್ಲ, ಅವರನ್ನೂ ಬ್ಯಾರೆ ಮಾಡ್ತೀರೇನು?" ಅಂದರು ಇನ್ನೊಬ್ಬರು. ಆಮೇಲೆ ನನ್ನತ್ತ ತಿರುಗಿ, "ನೀವು ಯಾ ಊರವರ್ರಿ? ನಮ್ಮ ಜಗಳಾ ಕೇಳಾಕ ಬಂದಂಗದ" ಎಂದು ನಕ್ಕರು. ಮೈಸೂರು ಎಂದೆ. "ಹಂಗಾರ ವಿದ್ಯಾವರ್ಧಕ ಸಂಘ ನೋಡೀರೇನು? ನಡೀರಿ, ಇವತ್ತ ಕಾರ್ಯಕ್ರಮ ಅದ."

1890ರಲ್ಲಿ ಶುರುವಾದ ಸಂಘ ಅದು. ಮುಂಬೈ ಸರ್ಕಾರದ ಆಡಳಿತದಲ್ಲಿದ್ದ ಈ ಭಾಗದಲ್ಲಿ ಕನ್ನಡಕ್ಕೆ ನೆಲೆ ಒದಗಿಸಲು ರಾ.ಹ. ದೇಶಪಾಂಡೆಯವರು ಕಟ್ಟಿದ್ದು. ಸಭಾಂಗಣಕ್ಕೆ ಆಮಂತ್ರಣ ಬೇಕಿಲ್ಲ, ಟಿಕೆಟ್ಟಿಲ್ಲ. ಸಂತೆ ಚೀಲ ಕಾಲಬುಡದಲ್ಲಿಟ್ಟು ಕೂತವನು ನಾನೊಬ್ಬನೇ ಆಗಿರಲಿಲ್ಲ. ಭಾಷಣ ಸಾಧಾರಣವಾಗಿತ್ತು. ಅದು ಮುಗಿದ ಮೇಲೆ ಮೂರನೇ ಸಾಲಿನ ಹಿರಿಯರೊಬ್ಬರು ಎದ್ದು, ಭಾಷಣಕಾರರು ಹೇಳಿದ ಇಸವಿಯೊಂದು ತಪ್ಪೆಂದರು. ಭಾಷಣಕಾರರು ಸಿಟ್ಟಾಗದೆ ಜೇಬಿನಿಂದ ಪೆನ್ನು ತೆಗೆದು ಗುರುತು ಹಾಕಿಕೊಂಡರು. ಸಭೆಗೆ ಅದೇನೂ ವಿಶೇಷವಲ್ಲವೆಂಬಂತೆ ಚಹಾ ಬಂತು.

ಹೊರಬರುವಾಗ ಗಿರ್ಮಿಟ್ ಗೆಳೆಯರು ಬಿಡಲಿಲ್ಲ. "ಆಜೀವ ಸದಸ್ಯರಾಗಿಬಿಡ್ರಿ, ಓಟು ಹಾಕಬಹುದು" ಅಂದರು. ಸಂಘದ ಚುನಾವಣೆ ಪಾಲಿಕೆ ಚುನಾವಣೆಗೇನೂ ಕಡಿಮೆ ಇಲ್ಲವಂತೆ. ಬಣ, ಪ್ರಣಾಳಿಕೆ, ಮನೆಮನೆ ಪ್ರಚಾರ ಎಲ್ಲ ಇರುತ್ತದಂತೆ. ಅರ್ಜಿ ಎಲ್ಲಿ ಸಿಗುತ್ತದೆ ಎಂದು ನಾನು ಕೇಳುವಷ್ಟರಲ್ಲಿ, ಯಾವ ಬಣಕ್ಕೆ ನನ್ನ ಓಟು ಎನ್ನುವುದರ ಮೇಲೆ ಅವರಿಬ್ಬರಲ್ಲಿ ಮತ್ತೆ ವಾದ ಹತ್ತಿಕೊಂಡಿತು.