ಗೌರಿ ಇವತ್ತು ನಂಜನಗೂಡಿಗೆ ಹೋದಳು

ಮೈಸೂರು
ನವೆಂಬರ್ 16, 2025, ಭಾನುವಾರ, ರಾತ್ರಿ 10.40

ಸಂಜೆ ವಾಪಸ್ ಬಂದು ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆ. ನಮ್ಮದು ಎರಡನೇ ಮಹಡಿ, ಒಟ್ಟು 34 ಮೆಟ್ಟಿಲು. ಎರಡೂವರೆ ತಿಂಗಳಿಂದ ದಿನಕ್ಕೆ ನಾಲ್ಕು ಸಲ, ಕಾಲು ಮುರಿದಿದ್ದ ಬೀದಿ ನಾಯಿ ಗೌರಿಯನ್ನು ಎತ್ತಿಕೊಂಡೇ ಹತ್ತಿ ಇಳಿದಿದ್ದೇನೆ. ಬಂದಾಗ 12 ಕೆಜಿ ಇದ್ದಳು, ಮೊನ್ನೆ ತೂಗಿದಾಗ 15. ಇವತ್ತು ಅರ್ಧ ಮೆಟ್ಟಿಲಲ್ಲಿ ಅಭ್ಯಾಸಬಲದಿಂದ ನಿಂತೆ. ಅಲ್ಲಿ ಅವಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಿದ್ದೆ.

ಅವಳು ಸಿಕ್ಕಿದ್ದು ಗೌರಿ ಹಬ್ಬದ ದಿನ, ಆಗಸ್ಟ್ 26. ಅದಕ್ಕೇ ಆ ಹೆಸರು. ನಮ್ಮ ಶಾಲೆಯ ಗೇಟಿನ ಎದುರು ಯಾವುದೋ ಗಾಡಿ ಹೊಡೆದು ಹೋಗಿತ್ತು. ಚರಂಡಿ ಪಕ್ಕ ಬಿದ್ದಿದ್ದಳು. ಬಲಗಡೆಯ ಹಿಂಗಾಲು ತೊಡೆಯ ಹತ್ತಿರ ಊದಿ ಜೋತಾಡುತ್ತಿತ್ತು. ನಾನು ಆತುರದಲ್ಲಿ ಎತ್ತಲು ಹೋದೆ, ಮಣಿಕಟ್ಟಿಗೆ ಕಚ್ಚಿದಳು. ಅವಳ ತಪ್ಪೇನಿಲ್ಲ. ಅಷ್ಟು ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾಗಿದ್ದರೂ ಕಚ್ಚುತ್ತದೆ. ಮೊದಲು ವೇಲ್‌ನಿಂದ ಬಾಯಿಗೆ ಸಡಿಲವಾಗಿ ಒಂದು ಸುತ್ತು ಕಟ್ಟಬೇಕಿತ್ತು. ಆಮೇಲೆ ಕಟ್ಟಿದೆ. ಬೆಡ್‌ಶೀಟಿನ ಮೇಲೆ ಮೆಲ್ಲಗೆ ಸರಿಸಿ, ನಾಲ್ಕು ಮೂಲೆ ಹಿಡಿದು ಆಟೋದಲ್ಲಿ ಇಟ್ಟೆವು. "ಸೀಟ್ ಮೇಲೆ ಬೇಡ ಮೇಡಂ, ಬ್ರೇಕ್ ಹಾಕಿದ್ರೆ ಉರುಳ್ತದೆ, ಕೆಳಗೇ ಇಡಿ" ಅಂದರು ಆಟೋದವರು. ಅದು ನನಗೆ ಹೊಳೆದಿರಲಿಲ್ಲ.

ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದೆ. ರಾತ್ರಿಯೇ ಸರ್ಕಾರಿ ಆಸ್ಪತ್ರೆಗೆ ಹೋದೆ. ರೇಬೀಸ್ ಲಸಿಕೆಯ ಮೊದಲ ಇಂಜೆಕ್ಷನ್ ಜೊತೆಗೆ, ರಕ್ತ ಬಂದಿದ್ದರಿಂದ ಗಾಯದ ಸುತ್ತಲೂ ರೇಬೀಸ್ ತಡೆಯುವ ಸೀರಂ ಕೊಟ್ಟರು. ಆಮೇಲೆ 3, 7, 28ನೇ ದಿನ ಹೋಗಿ ಇಂಜೆಕ್ಷನ್ ತಗೊಂಡೆ. ಒಂದನ್ನೂ ತಪ್ಪಿಸಲಿಲ್ಲ. ಬೀದಿ ನಾಯಿಗೆ ಕೈ ಹಾಕುವವರು ಯಾರೇ ಆಗಲಿ, ಇದರಲ್ಲಿ ಮಾತ್ರ ಸಲುಗೆ ತಗೋಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ.

ಆ ದಿನ ಪಶು ಆಸ್ಪತ್ರೆಯ ಡಾಕ್ಟರು ಅವಳ ಕಾಲಿನ ಬೆರಳನ್ನು ಗಟ್ಟಿಯಾಗಿ ಜಿಗುಟಿದರು. ಅವಳು ತಿರುಗಿ ನೋಡಿ ಗುರ್ ಅಂದಳು. "ಒಳ್ಳೇದು, ನರ ಸರಿ ಇದೆ" ಅಂದರು. ಗುರ್ ಅಂದದ್ದಕ್ಕೆ ಅಷ್ಟು ಖುಷಿಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು. ಎಕ್ಸ್‌ರೇಯಲ್ಲಿ ತೊಡೆಮೂಳೆ ಎರಡು ತುಂಡು. ಪಟ್ಟಿ ಹಾಕಿ ಅಂದೆ. ತೊಡೆಮೂಳೆಗೆ ಪಟ್ಟಿ ಕೂಡಲ್ಲ, ಮೇಲಿನ ಸೊಂಟದ ಕೀಲನ್ನು ಅಲ್ಲಾಡದ ಹಾಗೆ ಕಟ್ಟಲು ಆಗಲ್ಲ, ಒಳಗೆ ರಾಡ್ ಹಾಕಲೇಬೇಕು ಅಂದರು. ಎದೆಗೆ ಪೆಟ್ಟಾಗಿದೆಯಾ ಅಂತ ಕಾದು ನೋಡಿ ಆಗಸ್ಟ್ 28ಕ್ಕೆ ಆಪರೇಷನ್ ಮಾಡಿದರು.

ಆಮೇಲಿನ ಆರು ವಾರ ಕಷ್ಟದ್ದು. ಅವಳಿಗಿಂತ ಜಾಸ್ತಿ ಅಮ್ಮನಿಗೆ. ನಾನು ಶಾಲೆಗೆ ಹೋದಾಗ ಅಮ್ಮನೇ ನೋಡಿಕೊಳ್ಳುತ್ತಿದ್ದರು. ಅವಳನ್ನು ಓಡಲು, ನೆಗೆಯಲು ಬಿಡುವ ಹಾಗಿಲ್ಲ. ಹಾಲಿನ ಮೂಲೆಗೆ ಟೇಬಲ್ ಅಡ್ಡ ಹಾಕಿ, ನೆಲಕ್ಕೆ ಗೋಣಿಚೀಲ ಹಾಸಿದೆವು. ಟೈಲ್ಸ್ ಮೇಲೆ ಒಂದು ಸಲ ಕಾಲು ಜಾರಿದರೆ ಮಾಡಿದ್ದೆಲ್ಲ ವ್ಯರ್ಥ. ಉಚ್ಚೆಗೆ ಕರೆದುಕೊಂಡು ಹೋಗುವಾಗ ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ, ಹಿಂಭಾಗದ ಭಾರವನ್ನು ನಾವು ಹಿಡಿಯಬೇಕು. ಎರಡು ವಾರ ಕಳೆದ ಮೇಲೆ ಕಾಲನ್ನು ಮೆಲ್ಲಗೆ ಮಡಚಿ ಬಿಡಿಸುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಮ್ಮ ಲೆಕ್ಕ ಇಡಲು ಕಡಲೆಕಾಳು ಇಟ್ಟುಕೊಂಡಿದ್ದರು. ಒಂದು ಸಲ ಮಡಚಿದರೆ ಒಂದು ಕಾಳು ಆ ಬಟ್ಟಲಿಂದ ಈ ಬಟ್ಟಲಿಗೆ.

ಅಷ್ಟೂ ದಿನ ಅವಳು ಎಡ ಮಗ್ಗುಲಲ್ಲೇ ಮಲಗಿದಳು. ಅಕ್ಟೋಬರ್ 9ರ ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿತ್ತು. ಆದರೂ ಬಲಕ್ಕೆ ಹೊರಳುತ್ತಿರಲಿಲ್ಲ. ದೀಪಾವಳಿಯ ಪಟಾಕಿಗೆ ಹೆದರಿ ಮೂರು ದಿನ ಮಂಚದ ಕೆಳಗೆ ಸೇರಿಕೊಂಡಳು. ಅದು ಮುಗಿದ ಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಬಲ ಮಗ್ಗುಲು. ರಾಡ್ ಇರುವ ಕಾಲು ಕೆಳಗೆ, ಬಾಯಿ ಅರೆ ತೆರೆದು ಗೊರಕೆ. ಅಮ್ಮನನ್ನು ಸನ್ನೆ ಮಾಡಿ ಕರೆದೆ. ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು.

ಇಟ್ಟುಕೊಳ್ಳಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬಾಡಿಗೆ ಮನೆ, ಮೂರು ತಿಂಗಳು ಅಂತ ಮಾಲೀಕರ ಹತ್ತಿರ ಕೇಳಿಕೊಂಡಿದ್ದೆ. ಅದನ್ನು ಹೇಗೋ ಮುಂದಕ್ಕೆ ಹಾಕಬಹುದಿತ್ತೋ ಏನೋ. ಆದರೆ ಆ ಕಾಲಿಗೆ ದಿನಾ ಮೆಟ್ಟಿಲು ಒಳ್ಳೆಯದಲ್ಲ, ಅಮ್ಮನ ಮಂಡಿಗೆ ಅವಳನ್ನು ಎತ್ತುವ ಶಕ್ತಿ ಇಲ್ಲ. ಇನ್ನು ಸಿಕ್ಕಿದ ಜಾಗಕ್ಕೇ ಬಿಡುವುದು. ಸಂತಾನಹರಣ ಮಾಡಿಸಿದ ಬೀದಿ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಅಂತ 2023ರ ನಿಯಮ ಹೇಳುತ್ತದೆ. ಆದರೆ ಅವಳ ಜಾಗ ಶಾಲೆಯ ಗೇಟು. ಅವಳ ಸಂತಾನಹರಣ ಆಪರೇಷನ್ನಿನ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನವೇ, ನವೆಂಬರ್ 7ಕ್ಕೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲೇ ಬಿಡಬಾರದು ಅಂತ ಸುಪ್ರೀಂ ಕೋರ್ಟ್ ಆದೇಶ ಬಂತು. ಆದೇಶ ಬರದಿದ್ದರೂ ನಾನು ಅಲ್ಲಿ ಬಿಡುತ್ತಿರಲಿಲ್ಲ. ಅವಳಿಗೆ ಈಗಲೂ ಗಾಡಿಯಿಂದ ತಪ್ಪಿಸಿಕೊಳ್ಳುವಷ್ಟು ಜೋರಾಗಿ ಓಡಲು ಬರಲ್ಲ.

ಮನೆ ಹುಡುಕುವಾಗ ಒಂದು ಗಟ್ಟಿ ಮಾಡಿಕೊಂಡಿದ್ದೆ. ಕಾಲಿನ ವಿಷಯ ಮೊದಲ ಮಾತಿನಲ್ಲೇ ಹೇಳಬೇಕು, ಕುಂಟುವ ವಿಡಿಯೋ ತೋರಿಸಬೇಕು. ಮೊದಲು ಬಂದವರು "ಸೈಟ್ ಕಾಯೋಕೆ ಬೇಕಿತ್ತು" ಅಂದರು. ಹಗಲೂ ರಾತ್ರಿ ಕಟ್ಟಿ ಹಾಕುವ ಜಾಗ ಅದು, ಆಗಲ್ಲ ಅಂದೆ. ಎರಡನೆಯವರಿಗೆ ಫೋಟೋ ನೋಡಿಯೇ ಇಷ್ಟವಾಗಿತ್ತು, ಮಗಳು ಹೊಸ ಬೆಲ್ಟ್ ಕೂಡ ಆರಿಸಿದ್ದಳಂತೆ. ಚಳಿಗಾಲದಲ್ಲಿ ಕಾಲು ಬಿಗಿಯಬಹುದು, ವಯಸ್ಸಾದಂತೆ ಕೀಲು ನೋವು ಬರಬಹುದು, ರಾಡ್ ಜರುಗಿದರೆ ತೆಗೆಸಬೇಕಾಗಬಹುದು ಅಂತ ಹೇಳಿದೆ. ಎರಡು ದಿನ ಯೋಚಿಸಿ ಬೇಡ ಅಂದರು. ಅವರ ಮೇಲೆ ನನಗೆ ಬೇಜಾರಿಲ್ಲ. ಆಗದು ಅಂತ ಮೊದಲೇ ಹೇಳುವವರು ನಾಯಿಗೆ ಉಪಕಾರವನ್ನೇ ಮಾಡುತ್ತಾರೆ. ಆದರೂ ಆ ರಾತ್ರಿ ಅತ್ತೆ.

ಮೂರನೆಯವರು ನಂಜನಗೂಡಿನ ನಿವೃತ್ತ ದಂಪತಿ. ನೆಲಮಟ್ಟದ ಮನೆ, ಮೆಟ್ಟಿಲು ಅಂದರೆ ಹೊಸ್ತಿಲೊಂದೇ. ಹಿಂದೆ ಸಾಕಿದ ನಾಯಿಯ ಬಗ್ಗೆ ಕೇಳಿದೆ. ಯಜಮಾನರು ಮಾತಾಡದೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನುಗ್ಗೆ ಮರದ ಬುಡ ತೋರಿಸಿದರು. "ಹದಿಮೂರು ವರ್ಷ ಇದ್ದ" ಅಂದರು. ಎಲ್ಲ ಸರಿ, ಆದರೆ ಮನೆ ತುಂಬಾ ರೆಡ್ ಆಕ್ಸೈಡ್ ನೆಲ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜಾರುತ್ತೆ ಅಂತ ಹೇಳಿ ಬಂದಿದ್ದೆ, ಅಷ್ಟೇ.

ಇವತ್ತು ಹೋದಾಗ ನೆಲವೇ ಕಾಣಲಿಲ್ಲ. ಹಾಲಿನಿಂದ ಅಡುಗೆಮನೆಯವರೆಗೆ ಜಮಖಾನ. ಮದುವೆ ಮುಂಜಿಗೆ ಬಿಚ್ಚುವ ದೊಡ್ಡ ಜಮಖಾನವನ್ನೇ ಅಟ್ಟದಿಂದ ಇಳಿಸಿ ಹಾಸಿದ್ದರು. ಅದು ಸಾಲದ ಕಡೆ ಗೋಣಿಚೀಲ, ಮಡಚಿಕೊಳ್ಳದ ಹಾಗೆ ಅಂಚಿಗೆ ಹೊಲಿಗೆ. ಹೊಲಿದಿದ್ದು ಆ ಅಮ್ಮನೇ, ದಬ್ಬಳದಲ್ಲಿ. ಬೆರಳಿಗೆ ಚುಚ್ಚಿಕೊಂಡ ಗುರುತು ಇತ್ತು. ಗೌರಿ ಮೂಸುತ್ತಾ ಮೂಸುತ್ತಾ ಒಂದು ಸಲವೂ ಜಾರದೆ ಅಡುಗೆಮನೆ ಮುಟ್ಟಿದಳು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಇನ್ನೂ ಒಂದು ಅಳುಕು ಇತ್ತು. ಅದು ಅಲ್ಲಿಗೆ ಹೋಯಿತು.

ಲಸಿಕೆ ಪುಸ್ತಕ, ಎರಡೂ ಎಕ್ಸ್‌ರೇ, ಬೆಲ್ಟಿಗೆ ಫೋನ್ ನಂಬರ್ ಇರುವ ಬಿಲ್ಲೆ ಕೊಟ್ಟೆ. ಅವಳ ಹಳೆ ಗೋಣಿಚೀಲವನ್ನು ಒಗೆಯದೇ ಕೊಟ್ಟೆ, ವಾಸನೆ ಇರಲಿ ಅಂತ. ಮೊದಲ ದಿನಗಳಲ್ಲೇ ನಾಯಿ ತಪ್ಪಿಸಿಕೊಂಡು ಹಳೆ ಮನೆ ಹುಡುಕಿ ಹೊರಡುವುದು ಜಾಸ್ತಿ, ಗೇಟಿನ ಕಡೆ ಗಮನ ಇರಲಿ ಅಂದೆ. ಕಾಲು ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ನಾಯಿಗೆ ಅದು ವಿಷವಾಗಬಹುದು. ಈರುಳ್ಳಿ ಬೇಡ. ದ್ರಾಕ್ಷಿಯೂ ಬೇಡ. "ಪ್ರಸಾದದ ಕೇಸರಿಬಾತಲ್ಲಿ ಇರುತ್ತಲ್ಲಮ್ಮ?" ಅಂದರು ಆ ಅಮ್ಮ. ಅದನ್ನೂ ಬೇಡ ಅಂದೆ. "ಹಾಗಾದ್ರೆ ಇನ್ಮೇಲೆ ದ್ರಾಕ್ಷಿ ಹಾಕದೇ ಮಾಡ್ತೀನಿ ಬಿಡು" ಅಂದರು.

ಯಾವತ್ತಾದರೂ ಇಟ್ಟುಕೊಳ್ಳಲು ಆಗದಿದ್ದರೆ ಬೇರೆಯವರಿಗೆ ಕೊಡದೆ ನನಗೇ ವಾಪಸ್ ಕೊಡಬೇಕು ಅಂತ ಒಂದು ಕಾಗದಕ್ಕೆ ಸಹಿ ತಗೊಂಡೆ. ಕೇಳಲು ಸಂಕೋಚವಾಯಿತು. ಯಜಮಾನರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸಹಿ ಮಾಡಿ, ತಾರೀಖನ್ನೂ ಬರೆದರು.

ಹೊರಡುವಾಗ ಗೌರಿ ಗೇಟಿನವರೆಗೆ ಬಂದಳು. ನಾನು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕಪಿಲೆ ದಾಟುವಾಗ ಅಮ್ಮ ನನ್ನ ಕೈ ಹಿಡಿದುಕೊಂಡರು.

ಈಗ ಅಲ್ಲಿಂದ ಫೋನ್ ಬಂದಿತ್ತು. ಊಟ ಮಾಡಿಲ್ಲವಂತೆ, ನೀರು ಮಾತ್ರ ಕುಡಿದಳಂತೆ. ಮೊದಲ ದಿನ ಹಾಗೇ ಇರುತ್ತದೆ, ಬಲವಂತ ಮಾಡಬೇಡಿ, ನಾಳೆಯೂ ತಿನ್ನದಿದ್ದರೆ ಹೇಳಿ ಅಂದೆ. ಗೋಣಿಚೀಲದ ಮೇಲೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾಳಂತೆ. ಆ ಅಮ್ಮ ಪಕ್ಕದಲ್ಲೇ ಚಾಪೆ ಹಾಕಿಕೊಂಡಿದ್ದಾರಂತೆ.

"ಯಾವ ಮಗ್ಗುಲಿಗೆ ಮಲಗಿದ್ದಾಳಮ್ಮಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಎದ್ದು ಹೋಗಿ ನೋಡಿದರು ಅಂತ ಕಾಣುತ್ತೆ. "ಎಡಕ್ಕೆ" ಅಂದರು.

ಬಲಕ್ಕೆ ಹೊರಳಿದ ದಿನ ನನಗೆ ಒಂದು ಫೋನ್ ಮಾಡಿ ಅಂತ ಹೇಳಿದ್ದೇನೆ.